ಸಹಾಯ ಬೇಕು: ಆರ್ಕೋ ಜೀನ್ ಇಲ್ಲದ ಹಣ್ಣುನೊಣ ವಿನೆಗರ್ ಹತ್ರ ಯಾಕೆ ಹೋಗ್ತಿದೆ?

ಎಲ್ರಿಗೂ ನಮಸ್ಕಾರ, ಎಂಎಸ್ಸಿ ಪ್ರಾಜೆಕ್ಟ್‌ಗೆ ಹಣ್ಣುನೊಣ ಇಟ್ಕೊಂಡು ಒದ್ದಾಡ್ತಿದೀನಿ. ಅದ್ರಲ್ಲಿ ವಾಸನೆ ಹಿಡಿಯೋ ರಿಸೆಪ್ಟರ್ ಪ್ರೋಟೀನ್ ಮಾಡೋ ಓಆರ್ ಜೀನ್‌ಗಳು ಸುಮಾರು 60 ಇದಾವೆ, ಆದ್ರೆ ಜೊತೆಗೆ ಆರ್ಕೋ ಅನ್ನೋ ಪ್ರೋಟೀನ್ ಇಲ್ದಿದ್ರೆ ಆ ರಿಸೆಪ್ಟರ್‌ಗಳು ನರಕೋಶದ ತುದಿಗೇ ತಲುಪಲ್ಲ ಅಂತ 2004ರಲ್ಲೇ ತೋರ್ಸಿದಾರೆ. ಸರಿ ಅಂತ ಆರ್ಕೋ ಮ್ಯುಟೆಂಟ್ (ಆ ಜೀನ್ ಇಲ್ಲದ ನೊಣ) ತಂದು ಟ್ರ್ಯಾಪ್ ಇಟ್ರೆ, ಬಾಳೆಹಣ್ಣಿನ ವಾಸನೆಯ ಎಸ್ಟರ್‌ಗೆ ಕ್ಯಾರೇ ಅನ್ನಲ್ಲ, ವಿನೆಗರ್ ಇಟ್ರೆ ಮಾತ್ರ ಕೆಲವು ಬಂದು ಬೀಳ್ತಾವೆ! ಆಸಿಡ್ ವಾಸನೆಗೆ ಐಆರ್ ಅಂತ ಬೇರೆ ರಿಸೆಪ್ಟರ್ ಗುಂಪೇ ಇದೆಯಲ್ಲ, ಅದಕ್ಕೆ ಆರ್ಕೋ ಬೇಡ, ಅದ್ರಿಂದ್ಲೇ ಹೀಗೆ ಅಂತ ನನ್ನ ಗುಮಾನಿ. ನಮ್ ಗೈಡ್ ಮಾತ್ರ ಸ್ಟಾಕ್ (ಬಾಟಲ್‌ನಲ್ಲಿ ಸಾಕೋ ನೊಣದ ತಳಿ) ಬೇರೆ ನೊಣಗಳ ಜೊತೆ ಮಿಕ್ಸ್ ಆಗಿದೆ ಅಂತಾರೆ (ಬಾಟಲ್‌ಗೆ ಲೇಬಲ್ ಹಚ್ಚಿದ್ದು ನಾನೇ, ಅದೇ ಭಯ). ಮೊದ್ಲು ಪಿಸಿಆರ್ (ಡಿಎನ್‌ಎ ಟೆಸ್ಟ್) ಮಾಡಿ ಸ್ಟಾಕ್ ಚೆಕ್ ಮಾಡ್ಲಾ, ಇಲ್ಲ ನೇರ ಐಆರ್8ಎ (ಆಸಿಡ್ ಹಿಡಿಯೋ ಐಆರ್‌ಗಳಿಗೆ ಬೇಕಾದ ಜೀನ್) ಕೂಡ ಇಲ್ಲದ ಡಬಲ್ ಮ್ಯುಟೆಂಟ್ ಕಟ್ಲಾ? ಮಾಡಿ ಅನುಭವ ಇರೋರು ಹೇಳಿ ಪ್ಲೀಸ್, ಸಬ್ಮಿಷನ್‌ಗೆ ಆರೇ ವಾರ ಇದೆ.