ನಲಿ-ಕಲಿ ಮಕ್ಕಳಿಗೆ ಊರಿನ ಸಹಾಯಕರ ಪಾಠ: ಚಾರ್ಟ್ ಬಿಟ್ಟು ಏನು ಮಾಡಿಸಬಹುದು?

ಪ್ರಶ್ನೆ: ಹೊಸದುರ್ಗ ಕಡೆಯ ಟೀಚರ್

ನಮ್ಮದು ಹಳ್ಳಿ ಶಾಲೆ. ನಲಿ-ಕಲಿ, ಅಂದರೆ ಚಟುವಟಿಕೆ ಮೂಲಕ ಕಲಿಯುವ ಪದ್ಧತಿ; ಒಂದರಿಂದ ಮೂರನೇ ತರಗತಿ ಒಂದೇ ಕೋಣೆಯಲ್ಲಿ. ಗೋಡೆ ಮೇಲೆ ಸಹಾಯಕರ ಚಾರ್ಟ್ ಇದೆ: ಪೊಲೀಸ್, ಡಾಕ್ಟರ್, ಪೋಸ್ಟ್‌ಮ್ಯಾನ್, ಬೆಂಕಿ ಆರಿಸುವವರು. ಕೋಲು ಇಟ್ಟ ಕಡೆ ಮಕ್ಕಳು ರಾಗವಾಗಿ ಹೆಸರು ಹೇಳುತ್ತಾರೆ, ಮುಗೀತು. ಫೈರ್ ಇಂಜಿನ್ನನ್ನು ಇಲ್ಲಿ ಒಂದು ಮಗುವೂ ನೋಡಿಲ್ಲ. ಕೈಯಾರೆ ಮಾಡಿ ಕಲಿಯುವಂಥದ್ದು ಏನಾದರೂ ಹೇಳಿ. ಛದ್ಮವೇಷ ಬೇಡ. ಬಾಡಿಗೆ ಬಟ್ಟೆಗೆ ಪೋಷಕರ ಹತ್ತಿರ ದುಡ್ಡು ಕೇಳೋಕೆ ಮನಸ್ಸಿಲ್ಲ.

ಉತ್ತರ: ಮೈಸೂರು ಜಿಲ್ಲೆಯ ಹಳೇ ಮೇಡಂ

ನಲಿ-ಕಲಿ ಹುಟ್ಟಿದ್ದೇ ನಮ್ಮ ಹೆಚ್.ಡಿ. ಕೋಟೆಯಲ್ಲಿ, 1995ರಲ್ಲಿ. ಆ ಜಂಬ ನಮಗೆ ಸ್ವಲ್ಪ ಜಾಸ್ತಿ, ಹಾಗಾಗಿ ಉದ್ದ ಬರೆಯುತ್ತೇನೆ.

ಮೊದಲು ಆ ಚಾರ್ಟ್ ಮಡಚಿಡಿ. ಬಟ್ಟೆಯಿಂದ ಶುರು ಮಾಡಬೇಡಿ, ಕೆಲಸದಿಂದ ಶುರು ಮಾಡಿ. ಅದೂ ಮಕ್ಕಳ ಕಣ್ಣೆದುರೇ ಇರುವವರ ಕೆಲಸ: ನೀರುಗಂಟಿ (ಊರಿಗೆ ನೀರು ಬಿಡುವವರು), ಆಶಾ ಕಾರ್ಯಕರ್ತೆ, ಡೇರಿಯಲ್ಲಿ ಹಾಲು ಅಳೆಯುವವರು, ಲೈನ್‌ಮ್ಯಾನ್. ಬೆಂಕಿ ಆರಿಸುವವರು ಆಮೇಲೆ ಬರಲಿ.

ನೀರುಗಂಟಿ ಆಟ ನನಗೆ ತುಂಬಾ ಇಷ್ಟ. ಒಂದು ಹಳೇ ನೀರಿನ ಬಾಟಲಿ, ಒಂದು ಮೊಳ ಸಣ್ಣ ಪೈಪು, ಪೈಪಿಗೆ ಬಟ್ಟೆ ಕ್ಲಿಪ್ಪು. ಬಾಟಲಿ ಟ್ಯಾಂಕು, ಕ್ಲಿಪ್ಪು ವಾಲ್ವು. ಬಾಟಲಿಯನ್ನು ನೆಲದಲ್ಲಿಟ್ಟರೆ ನೀರು ಮುನಿಸಿಕೊಳ್ಳುತ್ತದೆ, ಬೆಂಚಿನ ಮೇಲಿಟ್ಟರೆ ಓಡುತ್ತದೆ. ಟ್ಯಾಂಕನ್ನು ಕಂಬಗಳ ಮೇಲೆ ಯಾಕೆ ಕಟ್ಟಿದ್ದಾರೆ ಅಂತ ನೀವು ಹೇಳಬೇಕಾಗಿಲ್ಲ, ಮಕ್ಕಳೇ ಹೇಳುತ್ತಾರೆ. ಆಮೇಲೆ ಒಂದು ಪೈಪಿಗೆ ಎರಡು ಕವಲು ಮಾಡಿ ‘ಮೇಲಿನ ಕೇರಿ, ಕೆಳಗಿನ ಕೇರಿ’ ಅಂತ ಹೆಸರಿಡಿ. ಒಂದು ಮಗುವಿನ ಕೈಗೆ ಎರಡೂ ಕ್ಲಿಪ್ಪು ಕೊಡಿ. ಜಗಳ ಗ್ಯಾರಂಟಿ! ಆ ಜಗಳ ಆದ ಮೇಲೆ ನೀರುಗಂಟಿಯನ್ನೇ ಕರೆಸಿ ಕೂರಿಸಿ. ಮಕ್ಕಳು ಕೇಳುವ ಪ್ರಶ್ನೆಗಳೇ ಬೇರೆ ಇರುತ್ತವೆ.

ಪೋಸ್ಟ್‌ಮ್ಯಾನ್ ಪಾಠಕ್ಕೆ 50 ಪೈಸೆಯ ಪೋಸ್ಟ್‌ಕಾರ್ಡ್ ಸಾಕು. ಪ್ರತಿ ಮಗುವೂ ತನ್ನ ಮನೆಗೇ ಬರೆಯಲಿ. ಒಂದನೇ ತರಗತಿಯವರು ಚಿತ್ರ ಬಿಡಿಸಲಿ, ವಿಳಾಸ ನೀವು ಬರೆಯಿರಿ. ಪಿನ್‌ಕೋಡಿನ 6 ಅಂಕಿಗಳನ್ನು ಮಾತ್ರ ಎಲ್ಲರೂ ತಾವೇ ತುಂಬಲಿ. ಮೊದಲನೇದು 5 ಯಾಕೆ ಅಂತ ಮೂರನೇ ತರಗತಿಯವರು ಕೇಳುತ್ತಾರೆ: ಕರ್ನಾಟಕ, ಆಂಧ್ರ, ತೆಲಂಗಾಣಕ್ಕೆಲ್ಲ ಅದೇ. ಕೊನೆಯ ಮೂರು ಅಂಕಿ ಕಾಗದ ಹಂಚುವ ಪೋಸ್ಟ್ ಆಫೀಸನ್ನು ಗುರುತಿಸುತ್ತವೆ. ಕಾರ್ಡನ್ನು ಊರಿನ ಡಬ್ಬಿಗೆ ಹಾಕಬೇಡಿ, ಟೌನಿನಲ್ಲಿ ಹಾಕಿ. ಆಗ ಕಾದು ನೋಡುವ ಮಜಾ ಇರುತ್ತದೆ. ಬಂದ ಮೇಲೆ ಸೀಲಿನಲ್ಲಿರುವ ಊರು, ತಾರೀಖು ಓದಿಸಿ.

ಆಶಾ ಅಕ್ಕ ಬಂದರೆ ಭಾಷಣ ಬೇಡ ಅಂತ ಮೊದಲೇ ಹೇಳಿಬಿಡಿ. ಬದಲಿಗೆ ಸಕ್ಕರೆ-ಉಪ್ಪಿನ ನೀರು ಮಾಡಿಸಲಿ: ಒಂದು ಲೀಟರ್ ಕುದಿಸಿ ಆರಿಸಿದ ನೀರು, 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಎಲ್ಲ ಚಮಚವೂ ಮಟ್ಟ, ಗೋಪುರ ಇರಬಾರದು. ಅಳೆಯುವುದು, ಕಲಕುವುದು ಮಕ್ಕಳ ಕೆಲಸ. ಭೇದಿಯಾದಾಗ ಯಾಕೆ ಕುಡಿಸುತ್ತಾರೆ ಅಂತ ಅವರೇ ಹೇಳಲಿ.

ಇನ್ನೊಂದು ಮಾತು. ಕಸದ ಗಾಡಿಯವರು ಬಂದಾಗ ಅವರಿಗೂ ಹೆಡ್‌ಮಾಸ್ಟರ ಪಕ್ಕದಲ್ಲೇ ಕುರ್ಚಿ ಹಾಕಿಸಿ. ಅವರಲ್ಲೊಬ್ಬರ ಮಗು ನಿಮ್ಮ ತರಗತಿಯಲ್ಲೇ ಇರಬಹುದು. ಹಾಗಿದ್ದರೆ ಕರೆಯುವ ಮೊದಲು ಆ ತಾಯಿಯನ್ನೂ ಮಗುವನ್ನೂ ಕೇಳಿ. ‘ಓದದಿದ್ದರೆ ಈ ಕೆಲಸ ಮಾಡಬೇಕಾಗುತ್ತೆ’ ಅನ್ನೋ ಮಾತು ಕೆಲವು ಸ್ಟಾಫ್‌ರೂಮುಗಳಲ್ಲಿ ಇನ್ನೂ ಸಲೀಸಾಗಿ ಓಡಾಡುತ್ತದೆ. ಪಾಠದ ದಿನ ಅದು ಬಾಯಿಂದ ಬಿತ್ತೋ, ಉಳಿದಿದ್ದೆಲ್ಲ ವೇಸ್ಟ್.

ಉತ್ತರ: ಪವರ್‌ಮ್ಯಾನ್, ತುಮಕೂರು

ಮಗಳು ಎರಡನೇ ಕ್ಲಾಸು. ಅವಳ ಶಾಲೆಯಲ್ಲಿ ಒಂದು ಆಟ ಆಡಿಸಿದ್ದೆ, ಬಳಸಿಕೊಳ್ಳಿ.

ನಾವು ಕಂಬ ಹತ್ತುವ ಮೊದಲು ಸಬ್‌ಸ್ಟೇಷನ್‌ನಿಂದ ‘ಲೈನ್ ಕ್ಲಿಯರ್’ ತಗೋತೀವಿ. ಅಂದ್ರೆ ಅಲ್ಲಿ ಲೈನ್ ಆಫ್ ಮಾಡಿರುತ್ತಾರೆ, ನಾವು ವಾಪಸ್ ಹೇಳುವವರೆಗೆ ಆನ್ ಮಾಡುವಂತಿಲ್ಲ. ಒಂದು ಮಗು ಟಾರ್ಚ್ ಹಿಡಿದು ಸಬ್‌ಸ್ಟೇಷನ್ ಆಗಲಿ. ಇನ್ನೊಂದು ಮಗು ‘ಲೈನ್ ಕ್ಲಿಯರ್’ ಚೀಟಿ ತಗೊಂಡು ಬೆಂಚ್ ಹತ್ತಿರ ‘ರಿಪೇರಿ’ಗೆ ಹೋಗಲಿ. ಉಳಿದವರೆಲ್ಲ ಊರಿನ ಜನ, ‘ಕರೆಂಟ್ ಯಾವಾಗ ಬರುತ್ತೆ?’ ಅಂತ ಕೂಗುತ್ತಿರಲಿ. ಚೀಟಿ ವಾಪಸ್ ಬರುವ ಮುಂಚೆ ಟಾರ್ಚ್ ಹತ್ತಿತೋ, ಆಟ ಮುಗೀತು. ಕೂಗುವವರ ಪಾರ್ಟೇ ಎಲ್ಲರಿಗೂ ಬೇಕು, ನಿಜ ಜೀವನದ ಹಾಗೇ ಅಲ್ವಾ.

ನಿಜವಾದ ವೈರು, ಪ್ಲಗ್ಗು ಮಾತ್ರ ತರಲೇಬೇಡಿ. ಬಿದ್ದ ತಂತಿ ಕಂಡರೆ ಹತ್ತಿರ ಹೋಗದೆ ದೊಡ್ಡವರನ್ನು ಕರೆಯೋದು, ದೊಡ್ಡವರು 1912ಕ್ಕೆ ಫೋನ್ ಮಾಡೋದು. ಇಷ್ಟನ್ನೂ ಆಟದಲ್ಲೇ ಸೇರಿಸಿ.

ಪ್ರಶ್ನೆ ಕೇಳಿದವರು

ಪೈಪ್ ಆಟ ಸೋಮವಾರವೇ ಮಾಡಿಸುತ್ತೇನೆ. 108, 112 ಹೇಗೆ ಕಲಿಸೋದು? ಮನೆಗೆ ಹೋಗಿ ಸುಮ್ನೆ ಒತ್ತಿಬಿಡ್ತಾರೆ ಅಂತ ಭಯ.

ಹಳೇ ಮೇಡಂ

ಕೆಟ್ಟುಹೋದ ಬಟನ್ ಫೋನ್ ಒಂದು ಇಟ್ಟುಕೊಳ್ಳಿ. ನಂಬರ್ ಕಲಿಯೋದು ಸುಲಭ, ಜಾಗ ಹೇಳೋದು ಕಷ್ಟ. ನೀವು 108ರವರಾಗಿ ಕೇಳಿ: ಏನಾಗಿದೆ? ಯಾವ ಊರು, ಯಾವ ತಾಲ್ಲೂಕು? ಪಕ್ಕದಲ್ಲಿ ಏನಿದೆ? ‘ನಮ್ಮನೆ ಹತ್ರ’ ಅಂದರೆ ಬಿಡಬೇಡಿ. ಮಾರಮ್ಮನ ಗುಡಿನೋ, ಹಾಲಿನ ಡೇರಿನೋ, ಒಂದು ಗುರುತು ಬಾಯಿಗೆ ಬರುವವರೆಗೆ ಕೇಳುತ್ತಲೇ ಇರಿ.