ಹಬ್ಬದ ಸಿಹಿ, ಮಗಳ ಹಲ್ಲು: ಏನು ಮಾಡಲಿ?

ಪ್ರಶ್ನೆ (ತೀರ್ಥಹಳ್ಳಿಯಿಂದ): ದೀಪಾವಳಿಗೆ ಕಜ್ಜಾಯ, ಹೋಳಿಗೆ, ಜೋನಿಬೆಲ್ಲ. ಐದು ವರ್ಷದ ಮಗಳು ದಿನವಿಡೀ ಮೆಲ್ಲುತ್ತಾಳೆ. ಬೆಲ್ಲವಾದರೆ ಪರವಾಗಿಲ್ಲವಾ?

ಉತ್ತರ: ಹಲ್ಲಿಗೆ ಬೆಲ್ಲವೂ ಸಕ್ಕರೆಯೇ ಮೇಡಂ. ಪ್ರತಿ ಸಲ ತಿಂದಾಗಲೂ ಬಾಯಿಯ ಬ್ಯಾಕ್ಟೀರಿಯಾ ಆಮ್ಲ ಮಾಡುತ್ತವೆ. ಪಿಎಚ್ (ಆಮ್ಲದ ಅಳತೆ, ಇಳಿದಷ್ಟೂ ಆಮ್ಲ ಹೆಚ್ಚು) ಸುಮಾರು 5.5ಕ್ಕಿಂತ ಇಳಿದರೆ ಎನಾಮಲ್, ಅಂದರೆ ಹಲ್ಲಿನ ಗಟ್ಟಿ ಹೊರಪದರ, ಕರಗತೊಡಗುತ್ತದೆ. ಜೊಲ್ಲು ಅದನ್ನು ಸರಿಪಡಿಸಲು ಅರ್ಧ ಗಂಟೆಯಾದರೂ ಬೇಕು. ಆದ್ದರಿಂದ ಎರಡು ಕಜ್ಜಾಯ ಊಟದ ಜೊತೆಗೇ ಮುಗಿಯಲಿ, ಗಂಟೆಗೊಂದು ಚೂರು ಬೇಡ. ತಿಂದ ಮೇಲೆ ನೀರು ಮುಕ್ಕಳಿಸಲಿ.

ಇನ್ನೊಂದು ಉತ್ತರ: ರಾತ್ರಿಯ ಬ್ರಶ್ ತಪ್ಪಿಸಲೇಬೇಡಿ, ನಿದ್ದೆಯಲ್ಲಿ ಜೊಲ್ಲು ಕಡಿಮೆ. ಬಟಾಣಿಯಷ್ಟು ಪೇಸ್ಟ್, ಎರಡು ನಿಮಿಷ, ನೀವೇ ಉಜ್ಜಿ. ಉಜ್ಜಿದ ಮೇಲೆ ಉಗಿದರೆ ಸಾಕು, ಬಾಯಿ ತೊಳೆದರೆ ಪೇಸ್ಟಿನಲ್ಲಿರುವ, ಹಲ್ಲು ಕಾಯುವ ಫ್ಲೋರೈಡ್ ಹೋಗುತ್ತದೆ. ‘ಮಕ್ಕಳ ಪೇಸ್ಟ್’ ಎಂದು ನಂಬಬೇಡಿ, ಲೇಬಲ್‌ನಲ್ಲಿ ಫ್ಲೋರೈಡ್ 1000 ಪಿಪಿಎಂ (ಹತ್ತು ಲಕ್ಷದಲ್ಲಿ 1000 ಭಾಗ) ಇದೆಯಾ ನೋಡಿ.

ಮತ್ತೊಂದು: ದವಡೆ ಹಲ್ಲುಗಳ ಸಂದಿಗೆ ಬ್ರಶ್ ಹೋಗದು, ಫ್ಲಾಸ್ ದಾರ ಬೇಕು.