ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋ: ಕಿಲೋಮೀಟರ್ ನೋಡಬೇಕೋ, ಗಂಟೆ ನೋಡಬೇಕೋ?

ವಿದ್ಯಾನಗರ ದಾವಣಗೆರೆ: ಅಮ್ಮ ಸ್ಯಾನ್ ಫ್ರಾನ್ಸಿಸ್ಕೋದಲ್ಲಿರುವ ತಮ್ಮನ ಮನೆಗೆ ಹೊರಟಿದ್ದಾರೆ. ಮಂಡಿ ನೋವಿದೆ, ಅದಕ್ಕೇ ಕೇಳುತ್ತಿದ್ದೇನೆ. ಬೆಂಗಳೂರಿಂದ 14,000 ಕಿ.ಮೀ. ಅಂತ ಒಬ್ಬರು, ಹತ್ತಿರ ಹತ್ತಿರ 16,000 ಅಂತ ಇನ್ನೊಬ್ಬರು. ಯಾವುದು ಸರಿ? ಎಷ್ಟು ಹೊತ್ತಿನ ಪ್ರಯಾಣ?

ಹದಡಿ ರೋಡ್: ಟಿಕೆಟ್‌ನಲ್ಲೇ ಇರುತ್ತದಲ್ಲಪ್ಪ. ದುಬೈ ಮೇಲೆ ಹೋಗುವುದಾದರೆ ಬೆಳಗ್ಗೆ 10ಕ್ಕೆ ಹತ್ತಿದರೆ ಅದೇ ದಿನ ರಾತ್ರಿ 8:30ಕ್ಕೆ ಇಳಿಯಬಹುದು. ಹತ್ತೂವರೆ ಗಂಟೆ.

ನಿಟುವಳ್ಳಿ ಮೇಷ್ಟ್ರು: ಆ 8:30 ಅಲ್ಲಿಯ ಗಡಿಯಾರದ್ದು. ಬೇಸಿಗೆಯಲ್ಲಿ ಅವರು ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಹದಿಮೂರೂವರೆ. ಬೇಸಿಗೆಯ ಲೆಕ್ಕ ಹಿಡಿದರೂ ಒಟ್ಟು 23 ಗಂಟೆ. ವಯಸ್ಸಾದವರಿಗೆ ಹತ್ತು ಗಂಟೆ ಅಂತ ಹೇಳಿ ಕಳಿಸಬೇಡಿ.

ದೂರ ಎರಡೂ ಸರಿ. ಶಾಲೆಯ ಗ್ಲೋಬ್ ಮೇಲೆ ಎರಡೂ ಊರಿಗೆ ದಾರ ಎಳೆದು ಬಿಗಿಯಾಗಿ ಹಿಡಿಯಿರಿ. ದಾರ ಅಟ್ಲಾಂಟಿಕ್ ಕಡೆ ಹೋಗುವುದೇ ಇಲ್ಲ. ಚೀನಾ, ಸೈಬೀರಿಯಾ ದಾಟಿ ಅಲಾಸ್ಕಾ ಕಡೆಯಿಂದ ಇಳಿಯುತ್ತದೆ. ಆ ದಾರಿ 14,000. ದುಬೈ ಮೇಲಾದರೆ 2,700 ಮತ್ತು 13,000, ಒಟ್ಟು 15,700.

ಪಿ.ಜೆ. ಬಡಾವಣೆ: ಭೂಮಿ ಪೂರ್ವಕ್ಕೆ ತಿರುಗುತ್ತದೆ. ಪಶ್ಚಿಮಕ್ಕೆ ಹೊರಟವರಿಗೆ ಊರೇ ಎದುರಿಗೆ ಬರಬೇಕು. ಬೇಗ ತಲುಪಬೇಕಲ್ವಾ?

ನಿಟುವಳ್ಳಿ ಮೇಷ್ಟ್ರು: ಗಾಳಿಯೂ ಭೂಮಿ ಜೊತೆಗೇ ಸುತ್ತುತ್ತದೆ. ಇಲ್ಲದಿದ್ದರೆ ಸಮಭಾಜಕದ ಹತ್ತಿರ ಸುಮ್ನೆ ನಿಂತವರಿಗೂ ಗಂಟೆಗೆ 1,600 ಕಿ.ಮೀ. ಗಾಳಿ ಹೊಡೆಯಬೇಕಿತ್ತು. ಇಲ್ಲಿ ಲೆಕ್ಕಕ್ಕೆ ಬರುವುದು ಜೆಟ್ ಸ್ಟ್ರೀಮ್. ಸುಮಾರು 10 ಕಿ.ಮೀ. ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ. ಎದುರು ಗಾಳಿಗೆ ಹರಿಹರದವರೆಗೆ ಸೈಕಲ್ ತುಳಿದವರಿಗೆ ಬೇರೆ ವಿವರಣೆ ಬೇಡ.

ಕುಂದವಾಡ ಕೆರೆ: ಮೇಷ್ಟ್ರು ಹೇಳಿದ್ದು ನಿಜ. 2016ರ ಅಕ್ಟೋಬರ್‌ನಲ್ಲಿ ಏರ್ ಇಂಡಿಯಾ ತನ್ನ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೋ ವಿಮಾನವನ್ನು ಅಟ್ಲಾಂಟಿಕ್ ಬಿಟ್ಟು ಪೆಸಿಫಿಕ್ ಮೇಲೆ ಹಾರಿಸಿತು. ದೂರ 1,400 ಕಿ.ಮೀ. ಜಾಸ್ತಿಯಾಗಿ 15,300 ಆಯಿತು. ಆದರೂ ಪೂರ್ವಕ್ಕೆ ಹಾರಿದ್ದರಿಂದ ಗಾಳಿ ಬೆನ್ನಿಗಿತ್ತು, ಹದಿನಾಲ್ಕೂವರೆ ಗಂಟೆಗೆ ತಲುಪಿತು. ಸುಮಾರು ಎರಡು ಗಂಟೆ ಉಳಿತಾಯ! ಕಿಲೋಮೀಟರ್ ನೋಡಿ ಟಿಕೆಟ್ ತೆಗೆಯಬೇಡಿ ಅನ್ನುವುದು ಇದಕ್ಕೇ.

ಸರಸ್ವತಿ ನಗರ: ಒಟ್ಟು ಗಂಟೆಯೂ ಸಾಲದು ಅಣ್ಣ. ಒಂದೇ ಸಲಕ್ಕೆ ಎಷ್ಟು ಹೊತ್ತು ಕೂರಬೇಕು ಅಂತ ನೋಡಿ. ದುಬೈಯಿಂದ ಮುಂದೆ 16 ಗಂಟೆ ಒಂದೇ ಸಮ. ಫ್ರಾಂಕ್‌ಫರ್ಟ್ ಮೇಲೆ ಹೋದರೆ ಸುಮಾರು 10 ಗಂಟೆ, ಆಮೇಲೆ 11 ಚಿಲ್ಲರೆ. ಕಿಲೋಮೀಟರ್ ಜಾಸ್ತಿ, ನಿಜ. ಆದರೆ ಮಧ್ಯದಲ್ಲಿ ಕಾಲು ಚಾಚಬಹುದು. ನನ್ನ ಅತ್ತೆಗೆ ಪಾದ ಊದಿ ಚಪ್ಪಲಿ ಹಿಡಿಯದೇ ಹೋಗಿತ್ತು. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಹದಡಿ ರೋಡ್: ಗೊತ್ತಿಲ್ಲದ ದೇಶದಲ್ಲಿ ಇಳಿದು ಇನ್ನೊಂದು ಗೇಟ್ ಹುಡುಕುವುದು ಅವರಿಗೆ ಇನ್ನೂ ಕಷ್ಟ ಅಲ್ವಾ ಅಕ್ಕಾ? ನಾನಂತೂ ದುಬೈ ಅಂತೀನಿ. ಅಲ್ಲಿ ಹಿಂದಿ ಮಾತಾಡುವವರಾದರೂ ಸಿಗುತ್ತಾರೆ.

ಸರಸ್ವತಿ ನಗರ: ಟಿಕೆಟ್ ಮಾಡುವಾಗಲೇ ವೀಲ್‌ಚೇರ್ ಬೇಕು ಅಂತ ಬರೆಸಿ. ಗೇಟಿನವರೆಗೆ ಅವರೇ ಕರೆದುಕೊಂಡು ಹೋಗುತ್ತಾರೆ. ಸೀಟು ನಡುದಾರಿಯ ಪಕ್ಕದ್ದು ಕೇಳಿ. ಎದ್ದು ಓಡಾಡಲು ಯಾರನ್ನೂ ದಾಟಬೇಕಿಲ್ಲ.

ಕುಂದವಾಡ ಕೆರೆ: ಇಲ್ಲಿಂದ ಬೆಂಗಳೂರಿಗೆ 260 ಕಿ.ಮೀ. ರಸ್ತೆ ಇದೆ, ಅದನ್ನೂ ಸೇರಿಸಿ. ಊರೊಳಗೆ ಹೋಗಬೇಡಿ. ದಾಬಸ್‌ಪೇಟೆಯಲ್ಲಿ ತಿರುಗಿ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿ ಹಿಡಿಯಿರಿ.

ವಿದ್ಯಾನಗರ ದಾವಣಗೆರೆ: ಎಲ್ಲರಿಗೂ ಥ್ಯಾಂಕ್ಸ್. ಫ್ರಾಂಕ್‌ಫರ್ಟ್ ಟಿಕೆಟನ್ನೇ ನೋಡು ಅಂತ ತಮ್ಮನಿಗೆ ಈಗಲೇ ಹೇಳುತ್ತೇನೆ. ಹಿಂದಿನ ದಿನವೇ ಹೊರಟು ದೇವನಹಳ್ಳಿಯಲ್ಲಿ ಉಳಿಯುತ್ತೇವೆ.